ತೀರ್ಪು ಬಂದ ಮೇಲೂ ‘ನಾನು ಒಪ್ಪುವುದಿಲ್ಲ’ ಎಂದು ನ್ಯಾಯಮೂರ್ತಿ ಬರೆಯುವುದೇಕೆ?

ಉಡುಪಿಯ ಸರ್ಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನಲ್ಲಿ ಶುರುವಾದ ಹಿಜಾಬ್ ವಿವಾದದ ಬಗ್ಗೆ 2022ರ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟ್ ತೀರ್ಪು ಹೇಳಿತು. ತರಗತಿಯಲ್ಲಿ ಹಿಜಾಬ್ ನಿರ್ಬಂಧವನ್ನು ಎತ್ತಿಹಿಡಿದಿದ್ದ ಹೈಕೋರ್ಟ್ ತೀರ್ಪಿನ ವಿರುದ್ಧದ ಮೇಲ್ಮನವಿಗಳನ್ನು ನ್ಯಾಯಮೂರ್ತಿ ಹೇಮಂತ್ ಗುಪ್ತಾ ವಜಾ ಮಾಡಿದರು. ಅದೇ ಪೀಠದಲ್ಲಿದ್ದ ನ್ಯಾಯಮೂರ್ತಿ ಸುಧಾಂಶು ಧುಲಿಯಾ ಅವುಗಳನ್ನು ಪುರಸ್ಕರಿಸಿದರು. ಹಾಗಾದರೆ ಗೆದ್ದವರು ಯಾರು ಎಂಬ ಪ್ರಶ್ನೆಗೆ ಟಿ.ವಿ. ಚರ್ಚೆಗಳಲ್ಲೂ ನೇರ ಉತ್ತರ ಸಿಗಲಿಲ್ಲ. ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆಯೂ ಏಳುತ್ತದೆ. ಒಂದೇ ಕಡತ ಓದಿ ಒಂದೇ ವಾದ ಕೇಳಿದವರಲ್ಲಿ ಅಭಿಪ್ರಾಯಭೇದ ಬಂದರೆ ಒಳಗೇ ಕೂತು ಬಗೆಹರಿಸಿಕೊಳ್ಳಬಾರದೇ? ಊರಿಗೆಲ್ಲ ತಿಳಿಯುವಂತೆ ಬರೆದಿಡುವುದು ಏಕೆ?

ಎರಡನೆಯ ಪ್ರಶ್ನೆಯ ಉತ್ತರದಲ್ಲಿ ನಮ್ಮ ಕರಾವಳಿಯ ಹೆಸರುಗಳು ಮತ್ತೆ ಮತ್ತೆ ಬರುತ್ತವೆ. ಅದಕ್ಕೆ ಮೊದಲು ಕೆಲವು ಮೂಲ ಸಂಗತಿ ತಿಳಿದುಕೊಳ್ಳಬೇಕು.

ಒಬ್ಬರು ಕೂರುವ ಕೋರ್ಟು, ಹಲವರು ಕೂರುವ ಪೀಠ

ಮಂಗಳೂರು, ಉಡುಪಿಯ ಜಿಲ್ಲಾ ನ್ಯಾಯಾಲಯಗಳಲ್ಲಿ ಸಾಮಾನ್ಯವಾಗಿ ಒಂದು ಮೊಕದ್ದಮೆಯನ್ನು ಒಬ್ಬರೇ ನ್ಯಾಯಾಧೀಶರು ಕೇಳುತ್ತಾರೆ. ಹಾಗಾಗಿ ಅಲ್ಲಿ ಭಿನ್ನಮತಕ್ಕೆ ಎಡೆಯೇ ಇಲ್ಲ. ಇದೇ ಊರುಗಳ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಅಧ್ಯಕ್ಷರ ಜೊತೆ ಸದಸ್ಯರೂ ಕೂತು ದೂರು ಕೇಳುತ್ತಾರೆ. ಅಧ್ಯಕ್ಷರಿಗೂ ಸದಸ್ಯರಿಗೂ ಹೊಂದಾಣಿಕೆಯಾಗದ ಅಂಶವನ್ನು ಇನ್ನೊಬ್ಬ ಸದಸ್ಯರಿಗೆ ಕಳುಹಿಸಬೇಕು, ಬಹುಮತ ಏನೋ ಅದೇ ಆದೇಶ ಎಂದು ಗ್ರಾಹಕ ರಕ್ಷಣಾ ಕಾಯ್ದೆ ಹೇಳುತ್ತದೆ. ಹೈಕೋರ್ಟಿನಲ್ಲಿ ಏಕಸದಸ್ಯ ಪೀಠ, ಇಬ್ಬರ ವಿಭಾಗೀಯ ಪೀಠ, ಮೂವರು ಅಥವಾ ಹೆಚ್ಚು ಮಂದಿಯ ಪೂರ್ಣಪೀಠ ಇರುತ್ತವೆ. ಸುಪ್ರೀಂ ಕೋರ್ಟಿನಲ್ಲಿ ಹೆಚ್ಚಿನ ಪ್ರಕರಣಗಳನ್ನು ಇಬ್ಬರು ಇಲ್ಲವೇ ಮೂವರು ಕೇಳುತ್ತಾರೆ. ಸಂವಿಧಾನದ ಅರ್ಥದ ಬಗ್ಗೆ ಗಂಭೀರ ಪ್ರಶ್ನೆ ಎದ್ದರೆ ಕನಿಷ್ಠ ಐವರ ಪೀಠ ಬೇಕು.

ಹೆಚ್ಚು ಮಂದಿ ಒಪ್ಪಿದ್ದು ಬಹುಮತದ ತೀರ್ಪು. ಎಲ್ಲರೂ ಪಾಲಿಸಬೇಕಾದದ್ದು ಇದೊಂದನ್ನೇ. ಫಲಿತಾಂಶ ಒಪ್ಪಿ, ಕಾರಣ ಮಾತ್ರ ತಮ್ಮದೇ ಮಾತಿನಲ್ಲಿ ಬರೆದರೆ ಅದು ಸಹಮತದ ಪ್ರತ್ಯೇಕ ತೀರ್ಪು. ಫಲಿತಾಂಶವನ್ನೇ ಒಪ್ಪದೆ ಬರೆದರೆ ಭಿನ್ನಮತ. ಸಮಸಂಖ್ಯೆಯ ಪೀಠ ಅರ್ಧಕ್ಕರ್ಧ ಒಡೆದು ಬಹುಮತವೇ ಇಲ್ಲದಂತಾದರೆ ಪತ್ರಿಕೆಗಳು ಭಿನ್ನ ತೀರ್ಪು ಎಂದು ಬರೆಯುತ್ತವೆ.

ಹಿಜಾಬ್ ಪ್ರಕರಣದಲ್ಲಿ ಆದದ್ದು ಈ ಕೊನೆಯದು. ಅಲ್ಲಿ ಬಹುಮತವೂ ಇರಲಿಲ್ಲ, ಅಲ್ಪಮತವೂ ಇರಲಿಲ್ಲ. ಅದಕ್ಕೇ ಇಬ್ಬರೂ ಸೇರಿ ಹೊರಡಿಸಿದ ಆದೇಶ, ಸೂಕ್ತ ಪೀಠ ರಚನೆಗಾಗಿ ವಿಷಯವನ್ನು ಮುಖ್ಯ ನ್ಯಾಯಮೂರ್ತಿಗಳ ಮುಂದಿಡಿ ಎಂಬುದಷ್ಟೇ. 2022ರ ಮಾರ್ಚ್ 15ರ ಕರ್ನಾಟಕ ಹೈಕೋರ್ಟ್ ತೀರ್ಪು ಅದರಿಂದ ರದ್ದಾಗಲಿಲ್ಲ. ಅಂದರೆ ಆ ದಿನ ಸುಪ್ರೀಂ ಕೋರ್ಟಿನಲ್ಲಿ ಯಾರೂ ಗೆಲ್ಲಲಿಲ್ಲ, ಯಾರೂ ಸೋಲಲಿಲ್ಲ.

ಬರೆಯಬಹುದು, ಬರೆಯಲೇಬೇಕೆಂದಿಲ್ಲ

ನಮ್ಮ ಸಂವಿಧಾನದ 145ನೇ ವಿಧಿಯ 5ನೇ ಖಂಡದಲ್ಲಿ ಎರಡು ಮಾತಿವೆ. ವಿಚಾರಣೆಗೆ ಕೂತ ನ್ಯಾಯಮೂರ್ತಿಗಳಲ್ಲಿ ಬಹುಮತದ ಒಪ್ಪಿಗೆಯಿಲ್ಲದೆ ಸುಪ್ರೀಂ ಕೋರ್ಟ್ ತೀರ್ಪು ಕೊಡುವಂತಿಲ್ಲ. ಆದರೆ ಒಪ್ಪದ ನ್ಯಾಯಮೂರ್ತಿ ತಮ್ಮ ಭಿನ್ನಮತದ ತೀರ್ಪು ಕೊಡುವುದನ್ನು ಇದು ತಡೆಯುವುದಿಲ್ಲ. ಅವಕಾಶ ಇದೆ, ಕಡ್ಡಾಯ ಇಲ್ಲ. ಹಾಗಾಗಿ ಪ್ರತಿ ಭಿನ್ನಮತವೂ ಒಬ್ಬ ವ್ಯಕ್ತಿ ಯೋಚಿಸಿ ಮಾಡಿದ ಆಯ್ಕೆ.

ಎಲ್ಲ ಕಡೆ ಹೀಗಿಲ್ಲ. ಸ್ವಾತಂತ್ರ್ಯಕ್ಕೆ ಮೊದಲು ಅವಿಭಜಿತ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಇಲ್ಲಿನ ದೊಡ್ಡ ವ್ಯಾಜ್ಯಗಳು ಮದ್ರಾಸ್ ಹೈಕೋರ್ಟ್ ದಾಟಿದರೆ ಲಂಡನ್ನಿನ ಪ್ರಿವಿ ಕೌನ್ಸಿಲ್‌ಗೆ ಹೋಗಬೇಕಿತ್ತು. ಪ್ರಿವಿ ಕೌನ್ಸಿಲ್ ಲೆಕ್ಕದಲ್ಲಿ ಅರಸನಿಗೆ ಸಲಹೆ ಕೊಡುವ ಸಮಿತಿ. ಅರಸನಿಗೆ ಎರಡು ಸಲಹೆ ಕೊಡಲಾಗದು ಎಂಬ ಕಾರಣಕ್ಕೆ ಭಿನ್ನಮತ ಹೊರಬೀಳುತ್ತಿರಲಿಲ್ಲ. ಈ ಪದ್ಧತಿ ಬದಲಾದದ್ದು 1966ರಲ್ಲಿ. ಫ್ರಾನ್ಸಿನ ನ್ಯಾಯಾಲಯಗಳಲ್ಲಿ, ಲಕ್ಸೆಂಬರ್ಗ್‌ನಲ್ಲಿರುವ ಯುರೋಪಿಯನ್ ಒಕ್ಕೂಟದ ನ್ಯಾಯಾಲಯದಲ್ಲಿ ಇಂದಿಗೂ ಯಾರು ಒಪ್ಪಿದರು, ಯಾರು ಒಪ್ಪಲಿಲ್ಲ ಎಂಬುದು ಗುಟ್ಟು. ಜರ್ಮನಿಯ ಸಂವಿಧಾನ ನ್ಯಾಯಾಲಯ 1970ರಿಂದ ಭಿನ್ನಮತ ಪ್ರಕಟಿಸುತ್ತಿದೆ.

ಗುಟ್ಟು ಕಾಯುವವರ ವಾದವನ್ನು ತಳ್ಳಿಹಾಕುವಂತಿಲ್ಲ. ಯಾರ ಮತ ಯಾವ ಕಡೆ ಎಂದು ಹೊರಗೆ ತಿಳಿಯದಿದ್ದರೆ ಸರ್ಕಾರವಾಗಲಿ, ನೇಮಕ ಮಾಡಿದ ದೇಶವಾಗಲಿ ಆ ನ್ಯಾಯಾಧೀಶರ ಮೇಲೆ ಕಣ್ಣಿಡಲು ಸಾಧ್ಯವಿಲ್ಲ. ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ ಮಾತ್ರ ಇದಕ್ಕೆ ತದ್ವಿರುದ್ಧ. ಅದರ ನಿಯಮವೇ ಪ್ರತಿ ನ್ಯಾಯಾಧೀಶರಿಗೂ ಪ್ರತ್ಯೇಕ ಅಭಿಪ್ರಾಯ ಕೊಡುವ ಹಕ್ಕು ಕೊಟ್ಟಿದೆ. ಮಂಗಳೂರಿನಲ್ಲಿ ಹುಟ್ಟಿ, ಸಂವಿಧಾನ ರಚನಾ ಸಭೆಯ ಸಲಹೆಗಾರರಾಗಿದ್ದ ಬೆನಗಲ್ ನರಸಿಂಗ ರಾವ್ 1952ರಿಂದ ತೀರಿಕೊಳ್ಳುವ ತನಕ ಆ ನ್ಯಾಯಾಲಯದಲ್ಲಿದ್ದರು.

ಸೋತ ಅಭಿಪ್ರಾಯ ಯಾರಿಗಾಗಿ?

ಭಿನ್ನಮತದಿಂದ ಆ ಪ್ರಕರಣದ ಫಲಿತಾಂಶ ಒಂದಿಷ್ಟೂ ಬದಲಾಗುವುದಿಲ್ಲ. ಬರೆಯುವವರಿಗೂ ಇದು ಗೊತ್ತು. ಮತ್ತೆ ಬರೆಯುವುದು ಯಾರಿಗಾಗಿ? ಮೊದಲನೆಯ ಉತ್ತರ: ಮುಂದೆ ಬರುವ ಪೀಠಕ್ಕಾಗಿ. ಸುಪ್ರೀಂ ಕೋರ್ಟ್ ತನ್ನದೇ ಹಳೆಯ ತೀರ್ಪನ್ನು ದೊಡ್ಡ ಪೀಠದ ಮೂಲಕ ತಿದ್ದಬಹುದು. ತಿದ್ದಲು ಹೊರಟವರಿಗೆ ಹಳೆಯ ತೀರ್ಪಿನಲ್ಲಿ ಎಲ್ಲಿ ಎಡವಟ್ಟಾಯಿತು ಎಂದು ಆಗಲೇ ಬರೆದಿಟ್ಟಿದ್ದರೆ ಕೆಲಸ ಹಗುರ.

ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ ನ್ಯಾಯಮೂರ್ತಿ ಎಚ್.ಆರ್. ಖನ್ನಾ. ಎಲ್ಲರೂ ಕೊಡುತ್ತಾರೆಂದು ನಾನು ಅದನ್ನು ಬಿಡಲಾರೆ. ತುರ್ತು ಪರಿಸ್ಥಿತಿಯಲ್ಲಿ ವಿಚಾರಣೆಯಿಲ್ಲದೆ ಜೈಲಿಗೆ ಹಾಕಿದವರು ಹೈಕೋರ್ಟುಗಳ ಮೊರೆಹೋದರು. ಒಂಬತ್ತು ಹೈಕೋರ್ಟುಗಳು ಅರ್ಜಿ ಕೇಳಬಹುದು ಎಂದವು. ತುರ್ತು ಪರಿಸ್ಥಿತಿಯಲ್ಲಿ ಅಂಥ ಅರ್ಜಿ ಕೇಳುವಂತಿಲ್ಲ ಎಂದು ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ವಿಚಾರಣೆಯ ನಡುವೆ ಖನ್ನಾ ಅಟಾರ್ನಿ ಜನರಲ್ ನಿರೇನ್ ಡೇ ಅವರನ್ನು ಕೇಳಿದರು: ಸಂವಿಧಾನದ 21ನೇ ವಿಧಿ ವೈಯಕ್ತಿಕ ಸ್ವಾತಂತ್ರ್ಯದ ಜೊತೆಗೆ ಜೀವದ ಬಗ್ಗೆಯೂ ಹೇಳುತ್ತದಲ್ಲ, ಪೊಲೀಸ್ ಅಧಿಕಾರಿಯೊಬ್ಬ ವೈಯಕ್ತಿಕ ದ್ವೇಷದಿಂದ ಯಾರನ್ನಾದರೂ ಕೊಂದರೂ ನಿಮ್ಮ ವಾದದ ಪ್ರಕಾರ ಕೋರ್ಟಿನಲ್ಲಿ ಪರಿಹಾರ ಇಲ್ಲವೇ? ತುರ್ತು ಪರಿಸ್ಥಿತಿ ಇರುವವರೆಗೆ ಇಲ್ಲ ಎಂಬುದೇ ಅಟಾರ್ನಿ ಜನರಲ್ ಉತ್ತರವಾಗಿತ್ತು. 1976ರ ಏಪ್ರಿಲ್ 28ರಂದು ಐವರಲ್ಲಿ ನಾಲ್ವರು ಸರ್ಕಾರದ ವಾದ ಒಪ್ಪಿದರು. ಖನ್ನಾ ಒಬ್ಬರೇ ಒಪ್ಪಲಿಲ್ಲ. ಕೊನೆಯ ನ್ಯಾಯಾಲಯದಲ್ಲಿ ಬರೆಯುವ ಭಿನ್ನಮತ ಮುಂದೊಂದು ದಿನದ ವಿವೇಕಕ್ಕೆ ಸಲ್ಲಿಸುವ ಮನವಿ ಎಂಬ ಅರ್ಥದ ಮಾತೊಂದನ್ನು ಅಮೆರಿಕದ ಮುಖ್ಯ ನ್ಯಾಯಮೂರ್ತಿಯಾಗಿದ್ದ ಚಾರ್ಲ್ಸ್ ಇವಾನ್ಸ್ ಹ್ಯೂಸ್ ಹೇಳಿದ್ದರು. ಖನ್ನಾ ತಮ್ಮ ತೀರ್ಪಿನಲ್ಲಿ ಅದನ್ನು ಎತ್ತಿಕೊಂಡಿದ್ದಾರೆ.

ಆ ಮುಂದಿನ ದಿನ ಎರಡು ಹೆಜ್ಜೆಯಲ್ಲಿ ಬಂತು. 1978ರ 44ನೇ ತಿದ್ದುಪಡಿ, ತುರ್ತು ಪರಿಸ್ಥಿತಿಯಲ್ಲೂ 21ನೇ ವಿಧಿಯ ರಕ್ಷಣೆ ಅಮಾನತಾಗದಂತೆ ಮಾಡಿತು. 2017ರ ಆಗಸ್ಟ್ 24ರಂದು ಖಾಸಗಿತನದ ಹಕ್ಕಿನ ಪ್ರಕರಣದಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ 1976ರ ಬಹುಮತದ ತೀರ್ಪನ್ನು ತಳ್ಳಿಹಾಕಿತು. ಹಾಗೆ ಬರೆದ ಡಿ.ವೈ. ಚಂದ್ರಚೂಡ್ ಅವರ ತಂದೆ ವೈ.ವಿ. ಚಂದ್ರಚೂಡ್ 1976ರ ಬಹುಮತದ ನಾಲ್ವರಲ್ಲಿ ಒಬ್ಬರು. ಆ ನಾಲ್ವರಲ್ಲಿ ಇನ್ನೊಬ್ಬರಾದ ಪಿ.ಎನ್. ಭಗವತಿ 2011ರಲ್ಲಿ ಬಹಿರಂಗವಾಗಿಯೇ ಪಶ್ಚಾತ್ತಾಪ ಹೇಳಿಕೊಂಡರು.

ಇದಕ್ಕಿಂತ ಹಳೆಯದೊಂದು ಕಥೆ ನಮ್ಮ ಊರುಗಳಿಗೆ ಹತ್ತಿರದ್ದು. ಸಂವಿಧಾನ ಜಾರಿಯಾದ ವರ್ಷವೇ, ಮುಂದೆ ಕಾಸರಗೋಡಿನಿಂದ ಲೋಕಸಭೆಗೆ ಆರಿಸಿಹೋದ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ತಮ್ಮ ಬಂಧನವನ್ನು ಪ್ರಶ್ನಿಸಿದರು. ಒಂದೊಂದು ಮೂಲಭೂತ ಹಕ್ಕನ್ನೂ ಬೇರೆ ಬೇರೆಯಾಗಿಯೇ ನೋಡಬೇಕು ಎಂಬುದು ಬಹುಮತದ ನಿಲುವು. ಹಕ್ಕುಗಳು ಒಂದರೊಳಗೊಂದು ಹೆಣೆದುಕೊಂಡಿವೆ ಎಂದು ನ್ಯಾಯಮೂರ್ತಿ ಫಜಲ್ ಅಲಿ ಭಿನ್ನಮತ ಬರೆದರು. ಇಪ್ಪತ್ತು ವರ್ಷದ ಬಳಿಕ, 1970ರಲ್ಲಿ, ಸುಪ್ರೀಂ ಕೋರ್ಟ್ ಬಹುಮತದ ಆ ಹಳೆಯ ದಾರಿಯನ್ನು ಬಿಟ್ಟಿತು. ಬಿಟ್ಟದ್ದು ಯಾವ ಪ್ರಕರಣದಲ್ಲಿ? ಬ್ಯಾಂಕ್ ರಾಷ್ಟ್ರೀಕರಣದ ಪ್ರಕರಣದಲ್ಲಿ. 1969ರಲ್ಲಿ ಸರ್ಕಾರ ವಶಕ್ಕೆ ತೆಗೆದುಕೊಂಡ 14 ಬ್ಯಾಂಕುಗಳಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕ್, ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ ಎರಡೂ ಇದ್ದವು.

ಭಿನ್ನಮತವೆಲ್ಲ ಹೀಗೆ ಮುಂದೆ ಗೆದ್ದುಬಿಡುತ್ತದೆ ಎಂದು ತಿಳಿಯಬಾರದು. ಗೆದ್ದವು ನಮಗೆ ನೆನಪಿರುತ್ತವೆ. ಕಾನೂನು ವರದಿಗಳಲ್ಲಿ ಯಾರೂ ತೆರೆಯದೆ ಉಳಿದವೇ ಹೆಚ್ಚು.

ಜೊತೆಯಲ್ಲಿ ಕೂತವರಿಗಾಗಿ

ತೀರ್ಪು ಹೊರಬರುವ ಮೊದಲು ಅದರ ಕರಡು ಪೀಠದ ಸದಸ್ಯರ ನಡುವೆ ಓಡಾಡುತ್ತದೆ. ಒಪ್ಪದವರು ತಮ್ಮ ಕರಡನ್ನೂ ಕಳುಹಿಸುತ್ತಾರೆ. ಆಗ ಬಹುಮತದ ಪರ ಬರೆಯುವವರು ಆ ಆಕ್ಷೇಪಗಳಿಗೆ ಉತ್ತರ ಕೊಡಲೇಬೇಕಾಗುತ್ತದೆ.

ನಮ್ಮ ತಾಳಮದ್ದಳೆಯಲ್ಲಿ ವಾಲಿ ಮತ್ತು ರಾಮರ ಸಂವಾದ ಕೇಳಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ವಾಲಿ ಬೀಳುವುದು ಪ್ರಸಂಗದಲ್ಲೇ ನಿಶ್ಚಯವಾದ ಸಂಗತಿ. ಅರ್ಥಧಾರಿ ಎಷ್ಟು ಚೆನ್ನಾಗಿ ಮಾತಾಡಿದರೂ ಬಾಣ ಹಿಂದೆ ಹೋಗುವುದಿಲ್ಲ. ಆದರೂ ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ ಎಂದು ವಾಲಿ ಬಿಗಿಯಾಗಿ ಕೇಳಿದರೆ ಮಾತ್ರ ರಾಮನ ಪಾತ್ರಧಾರಿ ತನ್ನ ಸಮರ್ಥನೆಯನ್ನು ತಳದಿಂದ ಕಟ್ಟಬೇಕಾಗುತ್ತದೆ. ವಾಲಿ ಸಪ್ಪೆಯಾದರೆ ರಾಮನೂ ಸಪ್ಪೆ. ಗಟ್ಟಿ ಭಿನ್ನಮತದ ಎದುರು ಬಹುಮತದ ತೀರ್ಪಿಗೂ ಇದೇ ಒತ್ತಡ ಬೀಳುತ್ತದೆ. ಕರಡು ಓದಿ ಬಹುಮತದವರು ತಮ್ಮ ಮಾತನ್ನು ತಿದ್ದಿಕೊಂಡರೆ, ಎಷ್ಟೋ ಸಲ ಆ ಭಿನ್ನಮತ ಹೊರಗೆ ಬರುವುದೇ ಇಲ್ಲ.

ನೋಟು ರದ್ದತಿ ಪ್ರಕರಣದ ತೀರ್ಪು ಬಂದದ್ದು 2023ರ ಜನವರಿ 2ರಂದು. ಐವರ ಪೀಠದ ಹಿರಿಯರು ನ್ಯಾಯಮೂರ್ತಿ ಅಬ್ದುಲ್ ನಜೀರ್. ಮೂಡುಬಿದಿರೆ ಬಳಿಯ ಬೆಳುವಾಯಿಯವರು, ಕಾನೂನು ಓದಿದ್ದು ಮಂಗಳೂರಿನಲ್ಲಿ. ಅವರೂ ಸೇರಿ ನಾಲ್ವರು ಸರ್ಕಾರದ ಕ್ರಮವನ್ನು ಎತ್ತಿಹಿಡಿದರು. ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಒಪ್ಪಲಿಲ್ಲ. ಪ್ರಸ್ತಾವ ಹೊರಟದ್ದು ರಿಸರ್ವ್ ಬ್ಯಾಂಕಿನಿಂದಲ್ಲ, ಕೇಂದ್ರ ಸರ್ಕಾರದಿಂದ. ಹಾಗಿದ್ದರೆ ಬರೀ ಅಧಿಸೂಚನೆ ಸಾಲದು, ಕಾಯ್ದೆಯೋ ಸುಗ್ರೀವಾಜ್ಞೆಯೋ ಬೇಕಿತ್ತು ಎಂಬುದು ಅವರ ವಾದದ ತಿರುಳು. ಕಾಲ ಮಿಂಚಿರುವುದರಿಂದ ಆಗಿಹೋದದ್ದನ್ನು ಹಿಂದಿರುಗಿಸಲಾಗದು ಎಂದೂ ಅವರೇ ಬರೆದರು. ಫಲಿತಾಂಶ ಬದಲಾಗದು ಎಂದು ಗೊತ್ತಿದ್ದೂ ದಾರಿ ಸರಿಯಿರಲಿಲ್ಲ ಎಂದು ದಾಖಲಿಸಿದ್ದು ಇಲ್ಲಿನ ವಿಶೇಷ.

ಶಾಸನಸಭೆಗಾಗಿ, ಸೋತ ಕಕ್ಷಿದಾರರಿಗಾಗಿ

ಆ ದಿನ ಬಹುಮತದಲ್ಲಿದ್ದ ನಜೀರ್ ಅವರೇ 2017ರ ಆಗಸ್ಟ್ 22ರ ತ್ರಿವಳಿ ತಲಾಖ್ ತೀರ್ಪಿನಲ್ಲಿ ಅಲ್ಪಮತದಲ್ಲಿದ್ದರು. ಮುಖ್ಯ ನ್ಯಾಯಮೂರ್ತಿ ಜೆ.ಎಸ್. ಖೇಹರ್ ಮತ್ತು ಅವರು ಒಂದು ಕಡೆ, ಆ ಪದ್ಧತಿಯನ್ನು ರದ್ದುಮಾಡಿದ ಉಳಿದ ಮೂವರು ಇನ್ನೊಂದು ಕಡೆ. ಮುಖ್ಯ ನ್ಯಾಯಮೂರ್ತಿಯ ಮತಕ್ಕೂ ಒಂದೇ ತೂಕ ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ. ಈ ಇಬ್ಬರು, ಇದು ಸಂಸತ್ತು ಕಾನೂನಿನ ಮೂಲಕ ಬಗೆಹರಿಸಬೇಕಾದ ವಿಷಯ ಎಂದು ಸರ್ಕಾರದ ಕಡೆ ಬೊಟ್ಟು ಮಾಡಿದರು. 2019ರಲ್ಲಿ ಕಾನೂನು ಬಂತು. ಅಲ್ಪಮತದ ಮಾತಿನಿಂದಲೇ ಬಂತು ಎನ್ನಲಾಗದು, ಆದರೆ ಭಿನ್ನಮತ ಶಾಸಕರ ಜೊತೆ ಮಾತಾಡುವ ಬಗೆ ಇದು.

ಸೋತವರ ಮಟ್ಟಿಗೆ ಲಾಭ ಸಣ್ಣದು, ಆದರೆ ನಿಜವಾದದ್ದು. ನಮ್ಮ ಮಾತನ್ನು ಯಾರೂ ಕಿವಿಗೇ ಹಾಕಿಕೊಳ್ಳಲಿಲ್ಲ ಎಂಬ ಅನುಮಾನಕ್ಕೆ ಅದು ಉತ್ತರ. ಮರುಪರಿಶೀಲನಾ ಅರ್ಜಿ ಬರೆಯುವ ವಕೀಲರಿಗೂ ಆಧಾರ ಸಿಗುತ್ತದೆ.

ಇದಕ್ಕೆ ಬೆಲೆ ತೆರಬೇಕೇ?

ಭಿನ್ನಮತ ಎಂದರೆ ಸರ್ಕಾರದ ವಿರುದ್ಧ ದನಿ ಎಂಬ ಕಲ್ಪನೆ ಬಹಳ ಕಡೆ ಇದೆ. ಅದು ಸರಿಯಲ್ಲ. ಮೇಲೆ ಹೇಳಿದ ಬ್ಯಾಂಕ್ ಪ್ರಕರಣದಲ್ಲಿ 11 ಮಂದಿಯಲ್ಲಿ ಹತ್ತು ಮಂದಿ ಕಾಯ್ದೆಯನ್ನು ರದ್ದುಮಾಡಿದರು. ಒಬ್ಬರೇ ಉಳಿದು ಸರ್ಕಾರದ ಪರ ಬರೆದವರು ನ್ಯಾಯಮೂರ್ತಿ ಎ.ಎನ್. ರೇ. ಆ ಹತ್ತು ಮಂದಿಯಲ್ಲಿ ಕಾರ್ಕಳ ತಾಲ್ಲೂಕಿನ ಕೌಡೂರಿನಲ್ಲಿ ಹುಟ್ಟಿದ ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆ ಇದ್ದರು.

ಈ ಇಬ್ಬರೂ ಕೇಶವಾನಂದ ಭಾರತಿ ಪ್ರಕರಣದಲ್ಲೂ ಜೊತೆಗೆ ಕೂತರು. ಅರ್ಜಿದಾರರು ಕಾಸರಗೋಡಿನ ಎಡನೀರು ಮಠದ ಸ್ವಾಮೀಜಿ, ಯಕ್ಷಗಾನದ ಭಾಗವತಿಕೆಯನ್ನೂ ಬಲ್ಲವರು. 13 ನ್ಯಾಯಮೂರ್ತಿಗಳು 68 ದಿನ ವಾದ ಕೇಳಿದರು. 1973ರ ಏಪ್ರಿಲ್ 24ರಂದು ಹೊರಬಂದದ್ದು 11 ಪ್ರತ್ಯೇಕ ತೀರ್ಪು, ಫಲಿತಾಂಶ 7-6. ಅಷ್ಟೊಂದು ಬರಹದ ನಡುವೆ ಬಹುಮತ ಹೇಳಿದ್ದಾದರೂ ಏನು ಎಂದು ತಿಳಿಸಲು ಒಂದು ಸಾರಾಂಶ ಬೇಕಾಯಿತು. ಸಂವಿಧಾನದ ಮೂಲ ಸಂರಚನೆಯನ್ನು ಬದಲಿಸಲು ಸಂಸತ್ತಿಗೆ ಅಧಿಕಾರ ಇಲ್ಲ ಎಂಬುದು ಅದರಲ್ಲಿನ ಮುಖ್ಯ ಮಾತು. ಅದಕ್ಕೆ ಒಂಬತ್ತು ಮಂದಿ ಸಹಿ ಹಾಕಿದರು. ನಾಲ್ವರು ಹಾಕಲಿಲ್ಲ, ಅವರಲ್ಲಿ ರೇ ಒಬ್ಬರು. ಸಹಿ ಹಾಕದೆ ಬಿಡುವುದೂ ಒಂದು ಬಗೆಯ ಭಿನ್ನಮತ.

ಮುಖ್ಯ ನ್ಯಾಯಮೂರ್ತಿ ಸಿಕ್ರಿ ಅವರು ನಿವೃತ್ತರಾದ ಕೂಡಲೇ ಸರ್ಕಾರ ಶೆಲತ್, ಹೆಗ್ಡೆ, ಗ್ರೋವರ್ ಮೂವರ ಹಿರಿತನವನ್ನು ಬದಿಗಿಟ್ಟು ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿತು. ಮೂವರೂ ರಾಜೀನಾಮೆ ಕೊಟ್ಟರು. ಇವರು ಬಹುಮತದಲ್ಲಿದ್ದವರು ಎಂಬುದನ್ನು ಗಮನಿಸಬೇಕು. ಹೆಗ್ಡೆ 1977ರಲ್ಲಿ ಲೋಕಸಭೆಯ ಸ್ಪೀಕರ್ ಆದರು. ಅದೇ ವರ್ಷದ ಜನವರಿಯಲ್ಲಿ ಖನ್ನಾ ಅವರಿಗೂ ಹೀಗೆಯೇ ಆಯಿತು. ಅವರಿಗಿಂತ ಕಿರಿಯರಾದ ಎಂ.ಎಚ್. ಬೇಗ್ ಮುಖ್ಯ ನ್ಯಾಯಮೂರ್ತಿಯಾದರು, ಖನ್ನಾ ರಾಜೀನಾಮೆ ಕೊಟ್ಟರು. ಈ ತೀರ್ಪು ನನಗೆ ಮುಖ್ಯ ನ್ಯಾಯಮೂರ್ತಿ ಹುದ್ದೆಯನ್ನು ತಪ್ಪಿಸಲಿದೆ ಎಂದು 1976ರ ತೀರ್ಪಿಗೆ ಮೊದಲೇ ತಂಗಿಯ ಬಳಿ ಹೇಳಿದ್ದಾಗಿ ಅವರು ಆತ್ಮಕಥೆಯಲ್ಲಿ ಬರೆದಿದ್ದಾರೆ. ಇಂದು ನೇಮಕಾತಿಯ ಪದ್ಧತಿ ಬೇರೆ. ಆದರೂ ಗೊತ್ತಿದ್ದೇ ಬರೆದ ಆ ಮನುಷ್ಯನ ಬಗ್ಗೆ ನನಗೆ ತುಂಬ ಗೌರವ.

ಬರೆಯದೆ ಬಿಡುವವರು

ಒಪ್ಪದಿದ್ದರೂ ಸುಮ್ಮನಿರುವುದಕ್ಕೆ ಕಾರಣಗಳಿವೆ. ಭಿನ್ನಮತ ಬರೆಯುವುದು ಹೆಚ್ಚಿನ ದುಡಿಮೆ. ನಾಳೆಯೂ ಅದೇ ಸಹೋದ್ಯೋಗಿಗಳ ಜೊತೆ ಕೂರಬೇಕು. ಸಣ್ಣ ವಿಷಯಕ್ಕೆಲ್ಲ ಬರೆದರೆ ದೊಡ್ಡ ವಿಷಯದಲ್ಲಿ ಬರೆದಾಗ ಯಾರೂ ತಲೆಯೆತ್ತಿ ನೋಡುವುದಿಲ್ಲ. ಕೆಲವು ಪ್ರಕರಣಗಳಲ್ಲಿ ಒಂದೇ ದನಿ ಕೇಳಿಸುವುದೇ ಮುಖ್ಯವಾಗುತ್ತದೆ. 1954ರಲ್ಲಿ ಅಮೆರಿಕದ ಶಾಲೆಗಳಲ್ಲಿ ವರ್ಣಭೇದ ಸಲ್ಲದು ಎಂದ ತೀರ್ಪು 9-0 ಆಗಿ ಬರಲಿ ಎಂದು ಮುಖ್ಯ ನ್ಯಾಯಮೂರ್ತಿ ಅರ್ಲ್ ವಾರನ್ ಶ್ರಮಿಸಿದರು. ಕೊನೆಯವರೆಗೆ ಹಿಂಜರಿದಿದ್ದ ಸ್ಟ್ಯಾನ್ಲಿ ರೀಡ್ ಭಿನ್ನಮತವನ್ನು ಕೈಬಿಟ್ಟರು. ನಮ್ಮಲ್ಲಿ 2019ರ ನವೆಂಬರ್ 9ರ ಅಯೋಧ್ಯೆ ತೀರ್ಪು ಐವರದ್ದೂ ಒಂದೇ. ಅದನ್ನು ಬರೆದವರು ಯಾರೆಂಬ ಹೆಸರೂ ಅದರಲ್ಲಿಲ್ಲ.

ಕೋರ್ಟಿನ ಹೊರಗಿನ ಸಂಸ್ಥೆಗಳಲ್ಲಿ ರೂಢಿ ಬೇರೆ. 2019ರ ಲೋಕಸಭಾ ಚುನಾವಣೆಯ ಹೊತ್ತಿನಲ್ಲಿ ನೀತಿಸಂಹಿತೆಯ ಕೆಲವು ದೂರುಗಳ ಬಗ್ಗೆ ಚುನಾವಣಾ ಆಯುಕ್ತ ಅಶೋಕ್ ಲವಾಸಾ ಉಳಿದ ಇಬ್ಬರನ್ನು ಒಪ್ಪಲಿಲ್ಲ. ತಮ್ಮ ಭಿನ್ನಮತ ಆದೇಶದಲ್ಲೇ ಇರಲಿ ಎಂದು ಕೇಳಿದರು. ಅದು ಕಡತದಲ್ಲಿರುತ್ತದೆ, ಆದೇಶದಲ್ಲಿ ಇರುವುದಿಲ್ಲ ಎಂದು ಆಯೋಗ ಬಹುಮತದಿಂದ ತೀರ್ಮಾನಿಸಿತು.

ಓದುವಾಗ ಎಲ್ಲಿ ಎಡವುತ್ತೇವೆ

ದೊಡ್ಡ ತೀರ್ಪು ಬಂದ ದಿನ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುವ ಒಂದೆರಡು ಸಾಲು ಬಹುಮತದ್ದೋ ಭಿನ್ನಮತದ್ದೋ ಎಂದು ಹೆಚ್ಚಿನವರು ನೋಡುವುದಿಲ್ಲ. ಭಿನ್ನಮತದ ಭಾಷೆ ಸಾಮಾನ್ಯವಾಗಿ ಹೆಚ್ಚು ಬಿಚ್ಚುಮನಸ್ಸಿನದು, ಏಕೆಂದರೆ ಅವರು ಜೊತೆಯವರ ಒಪ್ಪಿಗೆಗಾಗಿ ಮಾತು ತೇಯಬೇಕಿಲ್ಲ. ಅದಕ್ಕೇ ಅದು ಬೇಗ ಹಬ್ಬುತ್ತದೆ, ಅದನ್ನೇ ಸುಪ್ರೀಂ ಕೋರ್ಟ್ ಹೇಳಿದ್ದು ಎಂದು ತಿಳಿಯುವವರೂ ಇದ್ದಾರೆ. ಸುಪ್ರೀಂ ಕೋರ್ಟಿನ ತೀರ್ಪುಗಳು ಅದರ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ, ಕೆಲವು ಕನ್ನಡ ಅನುವಾದದಲ್ಲೂ ಇವೆ. ತೆರೆದಾಗ ಮೊದಲು ಎಷ್ಟು ಮಂದಿಯ ಪೀಠ ಎಂದು ನೋಡಿ. ಆಮೇಲೆ ಪ್ರತಿ ಅಭಿಪ್ರಾಯದ ಆರಂಭದಲ್ಲಿರುವ ನ್ಯಾಯಮೂರ್ತಿಯ ಹೆಸರು, ಕೊನೆಯ ಪುಟದಲ್ಲಿರುವ ನ್ಯಾಯಾಲಯದ ಆದೇಶ. ಈ ಮೂರನ್ನು ನೋಡಿಕೊಂಡು ನಡುವಿನ ನೂರಾರು ಪುಟಗಳಿಗೆ ಇಳಿದರೆ, ಓದುತ್ತಿರುವ ಸಾಲು ಇವತ್ತಿನ ಕಾನೂನೋ ಅಥವಾ ಒಬ್ಬರ ಆಕ್ಷೇಪವೋ ಎಂಬ ಗೊಂದಲ ಆಗುವುದಿಲ್ಲ.